ಹುಗ್ಗಿಯ ಕರಿ ಕಿವಿ

ಡಾಲ್ಮೇಷನ್ ಮರಿ ಹುಟ್ಟುವಾಗ ಅಪ್ಪಟ ಬಿಳುಪು. ಚುಕ್ಕೆಗಳು ಆಮೇಲೆ ಒಂದೊಂದಾಗಿ ಮೂಡುತ್ತವೆ. ಹುಟ್ಟುವಾಗಲೇ ದೊಡ್ಡ ಕರಿ ಮಚ್ಚೆ ಹೊತ್ತು ಬಂದ ಮರಿ ಮಾತ್ರ ನಾಯಿಗಳ ಪ್ರದರ್ಶನಕ್ಕೆ ನಾಲಾಯಕ್ಕು. ಸರಸ್ವತಮ್ಮನವರ ಮನೆಯ ಹುಗ್ಗಿಗೆ ಎಡಗಿವಿ ಪೂರ್ತಿ ಕಪ್ಪು. ಖಾರದ ಹುಗ್ಗಿಯಲ್ಲಿ ಮೆಣಸಿನ ಕಾಳು ಕಂಡ ಹಾಗಿದೆ ಎಂದು ಆ ಹೆಸರಿಟ್ಟವರೂ ಅವರೇ.

ಮರಿ ಕೊಡುವಾಗಲೇ ನಾಯಿ ಸಾಕಿ ಮಾರುವ ಗೋರೆಗಾಂವಿನ ಪ್ರೀತಮ್ "ಇದು ಮನೆಗೆ ಅಡ್ಡಿಲ್ಲ ಮಾರ್ರೆ, ಶೋಗೆ ಆಗ್ಲಿಕ್ಕಿಲ್ಲ" ಎಂದಿದ್ದ. ಸರಸ್ವತಮ್ಮನ ಮಗ ವಿಕ್ರಂ ಆಗ ತಲೆಯಾಡಿಸಿದ. ನಾಯಿ ದೊಡ್ಡದಾಗಿ ಮೈಕೈ ತುಂಬಿಕೊಂಡ ಮೇಲೆ ಆ ಮಾತನ್ನು ಮರೆತು ಶೋಗೂ ಕರೆದುಕೊಂಡು ಹೋದ. ಜಡ್ಜ್ ಆ ಕಿವಿಯನ್ನು ಎತ್ತಿ ನೋಡಿ, ತಳಿ ಶುದ್ಧವೇ, ಗುರುತು ಸರಿಯಿಲ್ಲ ಎಂದು ಸಾಲಿನಿಂದ ಹೊರಗೆ ಕಳಿಸಿದರು. ಮುಲುಂಡಿನ ಅವರ ಬಿಲ್ಡಿಂಗಿಗೆ ಸುದ್ದಿ ತಲುಪುವಾಗ 'ತಳಿ ಶುದ್ಧ' ಎಂಬುದು ದಾರಿಯಲ್ಲೇ ಉದುರಿಹೋಗಿತ್ತು. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಮಿಕ್ಸ್ ಹೈ ಕ್ಯಾ?" ಬೆರಕೆ ತಳಿಯಾ ಎಂದು ಕೇಳತೊಡಗಿದರು. ವಿಕ್ರಂ ಮುಖ ಊದಿಸಿಕೊಂಡ.

"ಪ್ರೀತಮ್ ಹತ್ರ ಇದರ ತಮ್ಮ ಇದೆಯಂತಮ್ಮ. ಫಸ್ಟ್ ಕ್ಲಾಸ್ ಚುಕ್ಕೆ. ಭಾನುವಾರ ಹೋಗಿ ಬದಲಾಯಿಸ್ಕೊಂಡು ಬರೋಣ" ಎಂದ.

ಸರಸ್ವತಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದ ಅವರಿಗೆ ಕಿವಿ ಕೇಳಿಸುವುದು ಬಹುತೇಕ ನಿಂತುಹೋಗಿತ್ತು. ಅದು ಹುಗ್ಗಿಯನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಗ ಸೊಸೆ ಆಫೀಸಿಗೆ ಹೋದ ಮೇಲೆ ಕುಕ್ಕರ್ ಕೂಗಿದರೆ ಹುಗ್ಗಿ ಬಂದು ಸೆರಗು ಎಳೆಯುತ್ತಿತ್ತು, ಬೆಲ್ ಆದರೆ ಬಾಗಿಲಿಗೂ ಅವರಿಗೂ ನಡುವೆ ಓಡಾಡುತ್ತಿತ್ತು. ಯಾರೂ ಕಲಿಸಿದ್ದಲ್ಲ. ಹೇಳಿಬಿಡಬಹುದಿತ್ತು. ಆದರೆ ಎದುರಿನ ಫ್ಲ್ಯಾಟಿನ ಅಜ್ಜಿಗೆ ಕಿವಿ ಮಂದವಾಯಿತೆಂದು ಗೊತ್ತಾದ ವಾರದೊಳಗೆ ಮಕ್ಕಳು ಗ್ಯಾಸು ಮುಟ್ಟಬೇಡ ಎಂದು ಟೀವಿ ಮುಂದೆ ಕೂರಿಸಿದ್ದನ್ನು ಸರಸ್ವತಮ್ಮ ಕಣ್ಣಾರೆ ಕಂಡಿದ್ದರು. ಅಡುಗೆಮನೆ ಹೋದರೆ ತನಗೆ ಉಳಿಯುವುದಾದರೂ ಏನು? ಹೇಳಿದರೆ ಅಡುಗೆಮನೆ ಹೋಗುತ್ತದೆ, ಹೇಳದಿದ್ದರೆ ಹುಗ್ಗಿ ಹೋಗುತ್ತದೆ. ಯಾವುದನ್ನೂ ನಿರ್ಧರಿಸಲಾಗದೆ ಶನಿವಾರ ಕಳೆದುಹೋಯಿತು.

ಭಾನುವಾರ ಕಾರಿನಲ್ಲಿ ಗೋರೆಗಾಂವಿಗೆ ಹೋಗುವಾಗ ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ಹುಗ್ಗಿ ಅವರ ತೊಡೆಯ ಮೇಲೆ ತಲೆಯಿಟ್ಟು ಆರಾಮಾಗಿ ನಿದ್ದೆ ಹೊಡೆಯಿತು. ಅದಕ್ಕೇನು ಗೊತ್ತು, ಪಾಪ.

ಪ್ರೀತಮನ ಅಂಗಳದಲ್ಲಿ ನಾಯಿಗಳ ದಂಡೇ ಇತ್ತು. ಹುಗ್ಗಿಯ ತಮ್ಮ ನಿಜಕ್ಕೂ ಚೆಂದ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಅಚ್ಚುಕಟ್ಟು ಮೈ, ಎಲ್ಲೂ ಮಚ್ಚೆಯಿಲ್ಲ. ವಿಕ್ರಂ ಸುತ್ತ ಸುತ್ತಿ ಫೋಟೋ ತೆಗೆದ.

ಸರಸ್ವತಮ್ಮ ಕುರ್ಚಿಯಲ್ಲಿ ಕೂತು ಅದನ್ನೇ ನೋಡಿದರು. ಗೇಟಿನ ಬಳಿ ಯಾರೋ ಬಂದಾಗ ಉಳಿದ ನಾಯಿಗಳು ತಿರುಗಿದವು. ಇದು ಮೊದಲು ಅವುಗಳ ಮುಖ ನೋಡಿ, ಆಮೇಲೆ ತಿರುಗಿತು. ವಿಕ್ರಂ ಹಿಂದಿನಿಂದ ಬೆನ್ನು ಮುಟ್ಟಿದರೆ ಬೆಚ್ಚಿಬಿತ್ತು. ಸರಸ್ವತಮ್ಮನಿಗೆ ತಮ್ಮದೇ ಪಾಡು ನೆನಪಾಯಿತು. ಊಟಕ್ಕೆ ಕೂತಾಗ ಸೊಸೆ ರಂಜನಿ ನಕ್ಕ ಮೇಲೆ ತಾವೂ ನಗುವುದು, ಹೆಗಲ ಮೇಲೆ ಕೈಬಿದ್ದರೆ ಬೆಚ್ಚುವುದು, ಎಲ್ಲ ಹೀಗೆಯೇ.

"ಪ್ರೀತಮ್, ಉಳಿದ ನಾಯಿಗಳನ್ನ ಒಳಗೆ ಹಾಕು. ಇದರ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಪ್ಪ" ಎಂದರು.

ಪ್ರೀತಮ್ ತಟ್ಟಿದ. ಹುಗ್ಗಿ ಸರ್ರನೆ ತಿರುಗಿತು. ಚೆಂದದ ತಮ್ಮ ಸರಸ್ವತಮ್ಮನ ಮುಖವನ್ನೇ ನೋಡುತ್ತ ಬಾಲ ಅಲ್ಲಾಡಿಸಿತು. ಮತ್ತೆ ತಟ್ಟಿದರೂ ಅಷ್ಟೇ.

ಪ್ರೀತಮ್ ಮೆಟ್ಟಿಲ ಮೇಲೆ ಕೂತ. "ಕರೆದ್ರೆ ಬರುದಿಲ್ಲ, ಹಠದ್ದು ಅಂತ ಎಣಿಸಿದ್ದೆ. ಈ ಜಾತಿಯಲ್ಲಿ ಕಿವುಡು ಉಂಟು ಅಮ್ಮ. ಮಚ್ಚೆ ಇದ್ದದ್ದಕ್ಕೆ ಅದು ಕಡಿಮೆ ಅಂತ ಡಾಕ್ಟ್ರು ಹೇಳ್ತಾರೆ. ನಾವು ಮಚ್ಚೆ ಇದ್ದದ್ದನ್ನೇ ಬೇಡ ಹೇಳುದು."

ಹುಗ್ಗಿ ಬಂದು ಸರಸ್ವತಮ್ಮನ ಸೆರಗು ಹಿಡಿದು ಎಳೆಯಿತು. ಅವರು ತಿರುಗಿದರು. ಹಿಂದೆ ನಿಂತಿದ್ದ ವಿಕ್ರಂ ಏನೋ ಕೇಳುತ್ತಿದ್ದ. ಅದು ಮೊದಲ ಸಲ ಕೇಳಿದ್ದಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

"ನಿಂಗೆ ಹೇಗಮ್ಮ ಗೊತ್ತಾಯ್ತು?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಅನ್ನಿಸಿತು. "ನಂಗೂ ಕೇಳಿಸಲ್ಲ ಕಣೋ. ದಿನವೆಲ್ಲ ನಂಗೆ ಕಿವಿ ಅಂದ್ರೆ ಈ ಹುಗ್ಗೀನೇ. ಇದನ್ನ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ."

ಪ್ರೀತಮ್ ಅವರೆದುರು ಬಂದು ತನ್ನ ನಾಯಿಯ ಕತ್ತು ಸವರುತ್ತ ಕೇಳಿದ. "ಇದನ್ನು ನಾನೇ ಇಟ್ಕೊಳ್ತೇನೆ ಅಮ್ಮ. ಹೇಗೆ ನೋಡ್ಕೊಳ್ಬೇಕು ಅಂತ ನೀವೇ ಹೇಳಿ."

"ಹಿಂದಿನಿಂದ ಮುಟ್ಟಬೇಡ. ಎದುರಿಗೆ ಬಾ. ನಿನ್ನ ಮುಖ ಅದಕ್ಕೆ ಕಾಣಬೇಕು. ಕೇಳಿಸಲ್ಲ ಅಂತ ಮೂಲೇಲಿ ಕಟ್ಟಿಹಾಕಬೇಡ. ಓಡಾಡಿಕೊಂಡಿರಲಿ, ಅದರ ಪಾಡಿಗೆ ಅದು ಬದುಕುತ್ತೆ" ಎಂದರು ಸರಸ್ವತಮ್ಮ. ಹುಗ್ಗಿಯ ಕರಿ ಕಿವಿಯನ್ನು ಹಿಡಿದುಕೊಂಡರು. ಈ ಮಚ್ಚೆ ಇಲ್ಲದೆ ಹೋಗಿದ್ದರೆ ಇದು ಇನ್ಯಾರದೋ ಶೋಕೇಸಿನ ಪಕ್ಕ ಕೂತಿರುತ್ತಿತ್ತು, ತನ್ನ ಮನೆಗೆ ಬರುತ್ತಿರಲಿಲ್ಲ. ಯಾವ ದೇವರಿಗೆ ಕೈಮುಗಿಯಬೇಕೋ ತಿಳಿಯದೆ ಅದರ ನೆತ್ತಿಗೇ ಮುತ್ತಿಟ್ಟರು.

ಬೆನ್ನ ಹಿಂದೆ ನಿಂತಿದ್ದ ವಿಕ್ರಂ ಕುರ್ಚಿಯನ್ನು ಸುತ್ತಿಕೊಂಡು ಬಂದ. ಅವರೆದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಮುಖವನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಮನೆಗೆ ಹೋಗೋಣಮ್ಮ. ಮೂರೂ ಜನ. ರಾತ್ರಿಗೆ ಸಾರು ನೀನೇ ಮಾಡು."