ಐದನೆಯ ಹೂವು

ರಾಡಿಂಕಾ ಬಿಳಿ ರಿಬ್ಬನ್ನನ್ನು ಶವಪೆಟ್ಟಿಗೆಯಲ್ಲಿ ಮಲಗಿದ್ದ ಮೊಮ್ಮಗಳ ಮಣಿಕಟ್ಟುಗಳಿಗೆ ಸುತ್ತಿ ಗಂಟು ಹಾಕುತ್ತಿದ್ದಾಗ ಮಗಳು ಸ್ಲಾವಿಕಾ ಅಡ್ಡ ಕೈಯಿಟ್ಟಳು.

"ಬೇಡಮ್ಮ. ಅವಳ ಕೈ ಕಟ್ಟಿದ್ದು ಸಾಕು."

"ಪೆಟ್ಟಿಗೆ ಮುಚ್ಚೋ ಮುಂಚೆ ಬಿಚ್ತೀವಲ್ಲೇ. ನೀನೇ ಬಿಚ್ಚುವಂತೆ."

ಸ್ಲಾವಿಕಾ ಕೈ ತೆಗೆದಳು. ಹದಿನಾರು ವರ್ಷದ ದುನ್ಯಾಳ ಕೈಗಳು ಎಚ್ಚರವಿದ್ದಷ್ಟು ಹೊತ್ತೂ ಬಟ್ಟೆ ಹಿಂಡುವಂತೆ ಒಂದನ್ನೊಂದು ಹಿಂಡುತ್ತಿದ್ದವು. ಸೆರ್ಬಿಯಾದ ನೋವಿ ಸಾದ್‌ನ ಈ ಸ್ಮಶಾನದ ಪ್ರಾರ್ಥನಾ ಮಂದಿರದಲ್ಲಿ ಅವು ಈಗ ಅಲುಗದೆ ನಿಂತಿದ್ದವು.

*

ಒಂದೂವರೆ ವರ್ಷದವರೆಗೆ ದುನ್ಯಾ 'ನೀರು' ಅನ್ನುತ್ತಿದ್ದಳು. ಆಮೇಲೆ ಮಾತು ಹೋಯಿತು. ರಕ್ತಪರೀಕ್ಷೆಯಲ್ಲಿ ಒಂದೇ ಒಂದು ಜೀನ್‌ನ ದೋಷ ಕಂಡಿತು. ಡಾಕ್ಟರ್ ತಿಯಾನಾ ಹೊಸ ಔಷಧಿಯ ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಂಡರು. ಅರ್ಧ ಮಕ್ಕಳಿಗೆ ಔಷಧಿ, ಇನ್ನರ್ಧಕ್ಕೆ ಬರೀ ಸಿಹಿ ನೀರು; ಯಾರಿಗೆ ಯಾವುದೆಂದು ಹೇಳುತ್ತಿರಲಿಲ್ಲ. ಮೆದುಳಿನ ಅಲೆಗಳನ್ನು ದಾಖಲಿಸುವಾಗ ಕೈ ಅಲುಗದಿರಲೆಂದು ಮೊಣಕೈಗಳಿಗೆ ಪಟ್ಟಿ ಬಿಗಿಯಬೇಕಿತ್ತು. ಬಿಗಿದವಳು ಸ್ಲಾವಿಕಾಳೇ. ದುನ್ಯಾ ಅಳಲಿಲ್ಲ, ಮುಗಿಯುವವರೆಗೂ ಅಮ್ಮನ ಮುಖವನ್ನೇ ನೋಡಿದಳು. ಅದೇ ದಿನ ಅವಳ ತೋಳಿನಿಂದ ಬೇಳೆಕಾಳಿನಷ್ಟು ಚರ್ಮವನ್ನೂ ತೆಗೆದುಕೊಂಡರು.

*

ತಿಯಾನಾ ಬಿಳಿ ಕಾರ್ನೇಷನ್ ಹೂಗಳನ್ನು ಹಿಡಿದು ಬಂದರು. ರಾಡಿಂಕಾಳ ಕಣ್ಣು ಮೊದಲು ಹೂಗಳ ಮೇಲೆ ಬಿತ್ತು.

"ಐದು ತಂದಿದೀರಲ್ಲ ಡಾಕ್ಟ್ರೇ. ಬೆಸ ಬದುಕಿರೋರಿಗೆ, ಸತ್ತೋರಿಗೆ ಸಮ. ಅಷ್ಟು ಓದಿದೋರಿಗೆ ಇಷ್ಟು ಲೆಕ್ಕ ಬರಲ್ವಾ?" ಒಂದನ್ನು ಎಳೆದು ಸ್ಲಾವಿಕಾಳ ಕೈಗೆ ತುರುಕಿದಳು.

"ಇವಳ ಪ್ರತಿ ಹುಟ್ಟುಹಬ್ಬಕ್ಕೂ ಐದೇ ತರ್ತಿದ್ದೆ. ಅಭ್ಯಾಸ," ಎಂದರು ತಿಯಾನಾ.

"ಅವಳಿಗೆ ಸಿಕ್ಕಿದ್ದು ಔಷಧಿನಾ, ಬರೀ ಸಕ್ಕರೆ ನೀರಾ?" ಸ್ಲಾವಿಕಾ ಕೇಳಿದಳು.

"ಔಷಧಿನೇ. ಅವಳಿಗೆ ಹಿಡೀಲಿಲ್ಲ."

"ಆ ಚರ್ಮ?"

ತಿಯಾನಾ ಉಳಿದ ನಾಲ್ಕು ಹೂಗಳನ್ನು ದುನ್ಯಾಳ ಪಕ್ಕದಲ್ಲಿಟ್ಟರು. "ಅದರಿಂದ ನರಕೋಶ ಬೆಳೆಸಿದೀವಿ. ಇನ್ನೂ ಬದುಕಿವೆ. ಬೇರೆ ಔಷಧಿಗಳನ್ನ ಅವುಗಳ ಮೇಲೇ ಪರೀಕ್ಷೆ ಮಾಡ್ತಿರೋದು. ನೀವು ಬೇಡ ಅಂದ್ರೆ ನಾಳೆನೇ ನಿಲ್ಲಿಸ್ತೀನಿ."

"ಅಂದ್ರೆ ಅರ್ಧ ಮಗೂನ ಹೂಳ್ತಿದೀವಾ ನಾವು?" ರಾಡಿಂಕಾ ಮಗಳ ತೋಳು ಹಿಡಿದಳು. "ನಿಲ್ಲಿಸಿ ಅನ್ನೇ, ಸ್ಲಾವಿಕಾ."

ಸ್ಲಾವಿಕಾ ಡಾಕ್ಟರನ್ನೇ ನೋಡಿದಳು. "ಅವಕ್ಕೆ ನೋವಾಗುತ್ತಾ?"

"ಇಲ್ಲ. ಬೆಚ್ಚಗಿಡ್ತೀವಿ. ಹೊತ್ತುಹೊತ್ತಿಗೆ ಆಹಾರ ಹಾಕ್ತೀವಿ."

"ಬೇರೆ ಮಕ್ಕಳಿಗಾದ್ರೂ ಹಿಡಿಯುತ್ತಾ?"

"ಹಾಗಂತ ಮಾತು ಕೊಡೋಕೆ ಆಗಲ್ಲ."

ಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತಿದ್ದ ಪಾದ್ರಿ, ಮುಚ್ಚುವ ಹೊತ್ತಾಯಿತೆಂದು ಸನ್ನೆ ಮಾಡಿದರು. ಸ್ಲಾವಿಕಾ ಬಗ್ಗಿ ರಿಬ್ಬನ್ನಿನ ಗಂಟು ಬಿಚ್ಚಿದಳು. ಕೈಗಳು ಮತ್ತೆ ಶುರುಮಾಡುತ್ತವೇನೋ ಎಂಬಂತೆ ಕಾದಳು. ಅವು ಹಾಗೇ ಇದ್ದವು. ಮುಚ್ಚಳ ಮುಚ್ಚಿತು.

ಮಣ್ಣು ಹಾಕಿ ಮುಗಿದ ಮೇಲೆ, ಬಾಡತೊಡಗಿದ್ದ ಐದನೆಯ ಹೂವನ್ನು ಸ್ಲಾವಿಕಾ ತಿಯಾನಾರ ಕೈಗಿಟ್ಟಳು.

"ಇದನ್ನ ನಿಮ್ಮ ಲ್ಯಾಬಲ್ಲಿಡಿ. ಅವಳ ಹತ್ರ."

ರಾಡಿಂಕಾ ಮುಖ ಆ ಕಡೆ ತಿರುಗಿಸಿದಳು. ಸ್ಲಾವಿಕಾ ನೋಡುತ್ತ ನಿಂತಳು. ಗೇಟಿನ ಪಕ್ಕದ ನಲ್ಲಿಯ ಬಳಿ ಡಾಕ್ಟರು ತಮ್ಮ ಬಾಟಲಿಗೆ ನೀರು ಹಿಡಿದು, ಹೂವಿನ ದಂಟನ್ನು ಅದರೊಳಗೆ ಇಳಿಸುತ್ತಿದ್ದರು.