ತೆರೆದಿಟ್ಟ ಕೌಂಟರ್

ಬೆಟಗೇರ್ಯಾಗ ನಮ್ಮ ಹರಾಜು ಕಂಪನಿಯೊಳಗ ದೊಡ್ಡ ಕಂಪ್ಯೂಟರ್ ಒಂದಽ ಐತ್ರಿ. ಅದನ್ನ ನೋಡ್ಕೊಳ್ಳಾಕಿ ನಾನು, ನಾಗರತ್ನಾ. ಒಳಗ ಎರಡು ವರ್ಚುವಲ್ ಮಷಿನ್ ಮಾಡೇನಿ, ಒಂದಽ ಮನಿ ನಡುವ ಗ್ವಾಡಿ ಹಾಕಿ ಇಬ್ಬರಿಗೆ ಬಾಡಿಗಿ ಕೊಟ್ಟಂಗ. ಒಂದರಾಗ ಮೆಣಸಿನಕಾಯಿ ಟೆಂಡರ್ ನಡೀತೈತಿ, ಒಂದು ರಾಶಿ ಆದಮ್ಯಾಲೆ ಇನ್ನೊಂದು. ಇನ್ನೊಂದು ವ್ಯಾಪಾರಿ ವೀರೇಶಂದು, ಅವನ ಅಂಗಡಿ ಲೆಕ್ಕಕ್ಕ.

ಟೆಂಡರ್ ಅಂದ್ರ ಗುಟ್ಟಿಂದು. ಒಂದು ರಾಶಿಗೆ ಯಾರರ ರೇಟು ಹಾಕ್ಯಾರೋ ಇಲ್ಲೋ ಅನ್ನೂದು ಕಡೀತನಕ ಯಾರಿಗೂ ತಿಳೀಬಾರ್ದು.

ದೀಪಾವಳಿ ಆದಮ್ಯಾಲೆ ವೀರೇಶ ಬಂದು ಗೋಳಿಟ್ಟ. "ಅಕ್ಕಾರ, ನನ್ನ ಮಷಿನ್ ಭಾಳ ಸ್ಲೋ ಆಗೈತ್ರಿ. ದೊಡ್ಡ ಕಂಪ್ಯೂಟರಿನ ಕೌಂಟರ್ ನನಗೂ ಕಾಣುವಂಗ ಮಾಡ್ರಿ."

ಕೌಂಟರ್ ಅಂದ್ರ ಪ್ರೊಸೆಸರ್ ಯಾವಾಗ ಎಷ್ಟು ದುಡೀತು ಅನ್ನೂ ಎಣಿಕಿ. ರೇಟು ಗೀಟು ಅದರಾಗ ಏನೂ ಇರಂಗಿಲ್ಲ. ನನ್ನ ಗಂಡ ಸೋಮೇಶ ಅದಽ ಕಂಪನಿ ಮ್ಯಾನೇಜರ್. "ಪಾಪ, ಕೊಟ್ಟಬಿಡು ಅತ್ಲಾಗ," ಅಂದ. ಕೊಟ್ಟೆ.

ಆಮ್ಯಾಲ ಶುರುವಾತು ನೋಡ್ರಿ. ಬೇರೆ ಯಾರೂ ಕೈ ಹಾಕದ ರಾಶಿಗೆ ವೀರೇಶ ಕವಡಿ ಕಿಮ್ಮತ್ತು ಹಾಕ್ತಿದ್ದ. ಯಾರರ ಹಾಕಿದ್ರ ಮಾತ್ರ ಏರಸ್ತಿದ್ದ. ಪ್ರತಿ ಸಲ! ಇವಂಗೇನು ಕನಸು ಬೀಳತೈತೇನು? ಆಗ ಹೊಳೀತು ನನಗ. ಯಾರರ ರೇಟು ಹಾಕಿದ್ರ ಪ್ರೊಸೆಸರ್ ದುಡೀತೈತಿ, ಎಣಿಕಿ ಏರತೈತಿ. ಏರಲಿಲ್ಲಂದ್ರ ಯಾರೂ ಹಾಕಿಲ್ಲ. ಗ್ವಾಡಿ ಆಚಿಕಿನ ಸಪ್ಪಳ ಕೇಳಿದ್ರ ಸಾಕು ಅವಂಗ. ನಾನಽ ಕೇಳಿಸಿದ್ದೆ, ಮೂಳಿ!

ಆದ್ರ ಖರೆ ಅನ್ನೂದು ಹೆಂಗ? ಯಾರ ಮುಂದೂ ಬಾಯಿ ಬಿಡಲಿಲ್ಲ, ಗಂಡನ ಮುಂದೂ. ವೀರೇಶನ ಮಷಿನ್ನಿಗೆ ಇನ್ನಷ್ಟು ಪ್ರೊಸೆಸರ್ ಕೊಟ್ಟೆ, ಲೆಕ್ಕ ಜಲ್ದಿ ಆಗ್ಲಿ ಅಂತ. ಕೌಂಟರ್ ಮಾತ್ರ ಮುಚ್ಚಿದೆ. ಸ್ಲೋ ಅನ್ನೂದು ಖರೆ ಇದ್ರ ಅವ ಖುಷಿ ಆಗಬೇಕು, ಹೌದಿಲ್ರಿ?

ಮರುದಿನ ಬೆಳ್ಳಟ್ಟಿ ಊರಿನ ರೈತ ಹೆಣಮಗಳು ತಿಪ್ಪವ್ವ ತನ್ನ ರಾಶಿ ಟೆಂಡರಿಗೆ ಬಿಟ್ಟು ನನ್ನ ಮುಂದಽ ಕುಂತಿದ್ಲು. ಹೋದ ಸಲ ಆಕಿ ಮೆಣಸಿನಕಾಯಿ ಅಗ್ಗಕ್ಕ ಒಯ್ದಾವ ವೀರೇಶನಽ. ಟೆಂಡರ್ ಶುರುವಾದ ಕೂಡ್ಲೆ ಫೋನ್ ಬಂತು. ಅವಂದಽ ಅನಕೊಂಡು, ಝಾಡಸ್ಬೇಕಂತ ಎತ್ತಿದೆ.

"ನಾಗೂ, ಕೌಂಟರ್ ಯಾಕ ಮುಚ್ಚಿದಿ?" ಸೋಮೇಶನ ದನಿ. "ಜಲ್ದಿ ತೆಗೀ. ತಿಪ್ಪವ್ವನ ರಾಶಿಗೆ ಯಾರರ ಹಾಕ್ಯಾರೋ ಇಲ್ಲೋ, ವೀರೇಶಂಗೂ ನನಗೂ ಏನೂ ತಿಳೀವಲ್ದು."

ಅಳು ಬಂತು, ಸಿಟ್ಟೂ ಬಂತು.

"ತೆಗ್ಯಂಗಿಲ್ಲ," ಅಂದು ಫೋನ್ ಇಟ್ಟೆ.

"ವ್ಯಾಪಾರಿ ಏನವಾ?" ಕೇಳಿದ್ಲು ತಿಪ್ಪವ್ವ.

"ಅಲ್ಲವಾ. ನನ್ನ ಗಂಡ."