ಅಮೀನ ಹತ್ತಿದ ಸ್ಟೀಮರ್

ಬಾಯ್ಲರಿನ ಪಕ್ಕದ ಸೌದೆ ರಾಶಿಯ ಹಿಂದೆ ಮೊಣಕಾಲು ಮಡಚಿ ಕೂತಿದ್ದ ಈನಸ್ ಕ್ರೇನ್, ಸ್ಟೀಮರು ನ್ಯೂಯಾರ್ಕಿನ ಹಡಗುಕಟ್ಟೆಗೆ ತಾಗಿದ ಸದ್ದಿಗೆ ಉಸಿರು ಬಿಗಿಹಿಡಿದ.

"ಎದ್ದು ಬಾರೋ ಹೊರಗೆ," ಮೇಲಿನಿಂದ ಕ್ಯಾಪ್ಟನ್ ಡನ್ಹಮ್ ಕೂಗಿದ. "ತೀರ್ಪು ಬಂದಾಗಿದೆ. ಇನ್ನೂ ಇಲಿ ಥರ ಬಿಲದಲ್ಲಿ ಕೂತಿದೀಯಲ್ಲ!"

"ತೀರ್ಪು ಕೊಟ್ಟಿದ್ದು ವಾಷಿಂಗ್ಟನ್ನಲ್ಲಿ ಕ್ಯಾಪ್ಟನ್. ವಾರಂಟ್ ಇರೋದು ಇಲ್ಲಿ, ಅಮೀನ ಬ್ರೋವರನ ಜೇಬಲ್ಲಿ."

ಕ್ಯಾಪ್ಟನ್ ಏನೋ ಬೈದುಕೊಂಡು ಪ್ರಯಾಣಿಕರ ಕಡೆ ನಡೆದ. ಈನಸ್ ಅಲ್ಲಾಡಲಿಲ್ಲ. ನ್ಯೂಯಾರ್ಕ್ ರಾಜ್ಯ ತನ್ನ ನೀರಿನಲ್ಲಿ ಸ್ಟೀಮರ್ ಓಡಿಸುವ ಹಕ್ಕನ್ನೆಲ್ಲ ಒಂದೇ ಕಂಪನಿಗೆ ಬರೆದುಕೊಟ್ಟಿತ್ತು. ಬೇರೆ ಯಾರ ಸ್ಟೀಮರ್ ಬಂದರೂ ಹಿಡಿ, ಒಳಗೆ ಹಾಕು. ಈ ಸ್ಟೀಮರು ಹೊರಡುವ ಎದುರು ದಡದ ನ್ಯೂಜೆರ್ಸಿಗೆ ರೇಗಿಹೋಗಿ, ನಮ್ಮವರನ್ನು ಹಿಡಿದವನು ಇತ್ತ ಕಾಲಿಟ್ಟರೆ ನಾವೂ ಬಿಡೆವು ಎಂದು ಅದೂ ಒಂದು ಕಾನೂನು ಮಾಡಿತ್ತು. ಕೋರ್ಟಿನಲ್ಲಿ ಬಡಿದಾಡಿದವರು ಇಬ್ಬರು ದುಡ್ಡಿನ ಕುಳಗಳು. ಅವರು ಬೆಂಕಿ ಕಾಯಿಸಿಕೊಳ್ಳುತ್ತ ಮನೆಯಲ್ಲಿ ಕೂತು ಲಾಯರುಗಳನ್ನು ಕಳಿಸಿದರು. ಕೈಕೋಳದ ಭಯ ಮಾತ್ರ ಒಲೆಗೆ ಸೌದೆ ಒಟ್ಟುವವರಿಗೆ.

ಹೆಂಡತಿ ಲವೈನಾ ಹೆರಿಗೆಗೆಂದು ಪರ್ಲ್ ಬೀದಿಯ ತವರಿಗೆ ಬಂದಿದ್ದಳು. ಅವಳು ಬಂದ ಮೇಲೆ ಈನಸನ ಹೆಸರಿಗೆ ವಾರಂಟ್ ಹೊರಟಿತು. ಹೆಪ್ಪುಗಟ್ಟುವ ಚಳಿಯಲ್ಲಿ ಹೆಣ್ಣುಮಗು ಹುಟ್ಟಿತೆಂದು ತಿನ್ನುವ ಕಪ್ಪೆಚಿಪ್ಪು ಮಾರುವವಳೊಬ್ಬಳು ಕಟ್ಟೆಯಿಂದ ಕೂಗಿ ಹೇಳಿದ್ದಳು. ಆ ಗಾಳಿಗೆ ಹಸುಗೂಸನ್ನು ಹೊರಗೆ ತರುವ ಹಾಗಿರಲಿಲ್ಲ. ದಿನಾ ಆ ಊರಿಗೆ ಬಂದು ಹೋಗುತ್ತಿದ್ದವನು ಮಗಳ ಮುಖ ಕಂಡಿರಲಿಲ್ಲ.

ತಲೆಯ ಮೇಲೆ ಬೂಟಿನ ಸದ್ದಾಯಿತು. ಒಂದು ಕಾಲು ಎಳೆದು ನಡೆಯುವ ಆ ಸದ್ದನ್ನು ಈನಸ್ ನಿದ್ದೆಯಲ್ಲೂ ಗುರುತಿಸುತ್ತಿದ್ದ. ಕೋರ್ಟಿನ ಅಮೀನ ಟ್ಯೂನಿಸ್ ಬ್ರೋವರ್!

ಅಂಥ ಹೊತ್ತಿಗೆ ಏನು ಮಾಡಬೇಕೆಂದು ಆ ಸ್ಟೀಮರಿನಲ್ಲಿ ಒಂದು ಕಟ್ಟಳೆಯಿತ್ತು. ಅಮೀನ ಹತ್ತಿದನೋ, ಯಾರನ್ನೂ ಕೇಳದೆ ಉಗಿ ಬಿಟ್ಟು ಸ್ಟೀಮರು ಹೊರಡಿಸಬೇಕು. ಜೆರ್ಸಿಯ ದಡ ಮುಟ್ಟಿದರೆ ಅವನೇ ಕಳ್ಳ, ಇವರೇ ಪೊಲೀಸರು. ಈನಸನ ತಲೆ ಯೋಚಿಸುವ ಮೊದಲೇ ಕೈ ಹಿಡಿಕೆ ಎಳೆದಿತ್ತು. ಕಟ್ಟೆಗೆ ಹಗ್ಗ ಇನ್ನೂ ಬಿಗಿದಿರಲಿಲ್ಲ. ಚಕ್ರಗಳು ನೀರು ಬಡಿದವು, ಇಳಿಯಲು ನಿಂತಿದ್ದವರು ಕಿರುಚಿದರು, ಕಟ್ಟೆ ಹಿಂದೆ ಸರಿಯಿತು.

"ನಿಲ್ಸೋ ಕ್ರೇನ್, ನಿಲ್ಸೋ!" ಬ್ರೋವರ್ ಏಣಿಯಲ್ಲಿ ಅರ್ಧ ಜಾರಿಕೊಂಡೇ ಕೆಳಗಿಳಿದ. ಈನಸ್ ಒಂದು ಸೌದೆ ತುಂಡೆತ್ತಿ ನಿಂತ.

"ಹತ್ರ ಬಂದ್ರೆ ತಲೆ ಒಡೀತೀನಿ!"

"ಒಡಿ, ಟೋಪಿ ತೆಗೀತೀನಿ ಇರು, ಹೊಸದು." ಬ್ರೋವರ್ ಏದುಸಿರು ಬಿಡುತ್ತ ಸೌದೆಯ ಮೇಲೆ ಕುಸಿದ. "ಹಿಡಿಯೋಕೆ ಬಂದಿಲ್ಲ ಕಣೋ. ಟಿಕೆಟ್ ತಗೊಂಡು ಬಂದಿದೀನಿ."

"ವಾರಂಟು?"

"ವಾಪಸ್ ಕೊಟ್ಟೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಿಯೋ ವ್ಯಾಪಾರಕ್ಕೆ ಯಾವ ರಾಜ್ಯಾನೂ ಬೀಗ ಹಾಕೋ ಹಾಗಿಲ್ವಂತೆ. ಇಡೀ ದೇಶದ ಕಾನೂನೇ ಮೇಲಂತೆ. ನಿಮ್ಮ ಕ್ಯಾಪ್ಟನ್ ದೇಶದ ಸರ್ಕಾರದ ಲೈಸೆನ್ಸು ಗೋಡೆಗೆ ಹೊಡೆದಿದಾನಲ್ಲ, ನಾನು ಅದನ್ನ ನೋಡಿ ನಗ್ತಿದ್ದೆ. ಅಂಥದ್ದೇ ಗೆದ್ದಿದ್ದು."

"ಈ ಮಾತು ಹೇಳೋಕೆ ಅವರಿಗೆ ಇಷ್ಟು ವರ್ಷ ಬೇಕಾಯ್ತಾ?" ಈನಸ್ ತುಂಡನ್ನು ಕೆಳಗಿಳಿಸಲಿಲ್ಲ. "ದೊಡ್ಡೋರು ಯೋಚನೆ ಮಾಡೋಷ್ಟ್ರಲ್ಲಿ ನನ್ನ ಮಗು ಹುಟ್ಟಿ ನಗೋಕೆ ಕಲಿತಾಯ್ತು!"

"ನನ್ನ ಮೇಲ್ಯಾಕೆ ಹಾರ್ತೀಯ? ನಿನ್ನ ದಾರಿ ಕಾಯ್ತಾ ಆ ಚಳೀಲಿ ನಿಂತು ಮೂಗು ಉದುರೋದೊಂದು ಬಾಕಿ ಇತ್ತು ನಂಗೆ." ಬ್ರೋವರ್ ಟೋಪಿಯ ಧೂಳು ಕೊಡವಿದ. "ನನ್ನ ತಂಗಿ ಇರೋದು ಜೆರ್ಸಿಯ ಎಲಿಜಬೆತ್‌ಟೌನಲ್ಲಿ. ನಿಮ್ಮೋರು ಹಿಡಿದು ಒಳಗೆ ಹಾಕ್ತಾರೆ ಅಂತ ಅವಳ ಮದುವೆಗೂ ಹೋಗ್ಲಿಲ್ಲ. ನಮ್ಮ ಕಾನೂನೇ ಸತ್ತ ಮೇಲೆ ನಿಮ್ಮದಕ್ಕೇನು ಕೆಲಸ ಅಂತ ಹೊರಟೆ."

ಈನಸ್ ಅವನನ್ನೇ ನೋಡಿದ. ಆಮೇಲೆ ತುಂಡನ್ನು ಒಲೆಗೆಸೆದ. ಮಸಿ ಕೈಯಿಂದಲೇ ಕಣ್ಣೊರೆಸಿಕೊಂಡ. ಬ್ರೋವರ್ ಮರ್ಯಾದೆಗೆ ಬಾಯ್ಲರಿನ ಕಡೆ ತಿರುಗಿ ಕೂತ.

ಮೇಲಿನಿಂದ ಕ್ಯಾಪ್ಟನ್ನನ ಗಂಟಲು ಹರಿಯುತ್ತಿತ್ತು. "ಲೋ ಈನಸ್! ಜನ ನನ್ನ ನೀರಿಗೆ ತಳ್ತಾರೆ, ಹಿಂದಕ್ಕೆ ತಿರುಗಿಸೋ!"

ಸ್ಟೀಮರು ಮತ್ತೆ ಕಟ್ಟೆಗೆ ಬಂದು ಹಲಗೆ ಹಾಕಿದಾಗ ಕ್ಯಾಪ್ಟನ್ ಈನಸನ ಬೆನ್ನಿಗೊಂದು ಗುದ್ದಿದ. "ಸಂಜೆಯೊಳಗೆ ಬಾ. ಇಲ್ಲಾಂದ್ರೆ ಒಲೆಗೆ ಸೌದೆ ಒಟ್ಟೋಕೆ ಅಮೀನನ್ನೇ ಹಚ್ತೀನಿ."

ಪರ್ಲ್ ಬೀದಿಯಲ್ಲಿ ಈನಸ್ ಮೊದಮೊದಲು ಗೋಡೆಗೆ ಅಂಟಿಕೊಂಡೇ ನಡೆದ. ಅತ್ತೆಯ ಮನೆಯ ಬಾಗಿಲು ಹಳೆಯ ಡಚ್ಚರ ಕಾಲದ್ದು, ಅಡ್ಡಕ್ಕೆ ಎರಡು ತುಂಡಿನದು. ಲವೈನಾ ಮೇಲಿನ ತುಂಡನ್ನಷ್ಟೇ ತೆರೆದಳು. ಅವನನ್ನು ನೋಡಿ, ಮೊದಲು ಬೀದಿಯ ಆಚೆ ಈಚೆ ಕಣ್ಣು ಹಾಯಿಸಿದಳು.

"ಯಾರೂ ಇಲ್ಲ ಬಿಡು," ಎಂದ.

ಕೆಳಗಿನ ತುಂಡಿನ ಅಗಳಿ ಚಳಿಗೆ ಹಿಡಿದುಕೊಂಡಿತ್ತು. ಅವಳು ಎಳೆದು ಎಳೆದು ಸಾಕಾಗಿ, ಒಳಗೆ ಹೋಗಿ, ಕಂಬಳಿಯಲ್ಲಿ ಸುತ್ತಿದ ಮಗುವನ್ನು ಬಾಗಿಲ ಮೇಲಿನಿಂದಲೇ ದಾಟಿಸಿದಳು. "ಕೈ ನೋಡು, ಬರೀ ಮಸಿ!" ಎಂದು ಬೈದಳು. ಮತ್ತೆ ಅಗಳಿಗೆ ಬಗ್ಗಿದಳು. ಕೊನೆಗೆ ಅದು ಬಿಚ್ಚಿತು.

"ಬಾ ಒಳಗೆ, ಗಾಳಿ."

"ಒಂದು ನಿಮಿಷ," ಎಂದ ಈನಸ್.

ಕಂಬಳಿಯ ಅಂಚನ್ನು ಮಗುವಿನ ಹಣೆಯವರೆಗೆ ಎಳೆದು, ಬೀದಿಯ ನಡುವಿನ ಬಿಸಿಲಿಗೆ ಹೋಗಿ ನಿಂತ. ಗಾಡಿಯವನೊಬ್ಬ ದಾರಿ ಬಿಡೆಂದು ಕೂಗಿದ. ಈನಸ್ ಮುಖ ಮರೆಸಿಕೊಳ್ಳಲಿಲ್ಲ. ಗಾಡಿ ಅವನನ್ನು ಸುತ್ತಿಕೊಂಡು ಹೋಯಿತು.